ಬೀಗದೊಳಗಿನ ನೋಟಿಸು

ನೊಯೆಮಿ ಆಲ್ತಾಓನಾ ಮೂವತ್ತೊಂದು ವರ್ಷ ನೋಟರಿಯ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವಳು. ಮಗ್ದಲೇನಾ ನದಿಯ ದಡದ ಆ ಊರಿನಲ್ಲಿ ಅವಳ ಬೆರಳಿನಡಿ ಹಾದುಹೋಗದ ಕ್ರಯಪತ್ರವೇ ಇರಲಿಲ್ಲ. ನಿವೃತ್ತಿಯಾದ ಮೇಲೂ ಜನ ಕಾಗದ ಹಿಡಿದು ಅವಳ ಬಾಗಿಲಿಗೇ ಬರುತ್ತಿದ್ದರು. ಓದದೆ ಸಹಿ ಹಾಕಿದವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. "ಸಹಿ ಹಾಕೋ ಕೈಗಿಂತ ಓದೋ ಕಣ್ಣು ಮುಂದಿರ್ಬೇಕು ಕಣಯ್ಯಾ," ಎಂದು ಗದರಿಸಿಯೇ ಕಾಗದ ಮುಟ್ಟುತ್ತಿದ್ದಳು.

ಒಂದು ಮಂಗಳವಾರ ಬೆಳಿಗ್ಗೆ ಹೆಂಚಿನ ಮೇಲೆ ಮೆಕ್ಕೆಜೋಳದ ಅರೇಪಾ ರೊಟ್ಟಿ ಬೇಯಿಸುತ್ತಿದ್ದಾಗ ಗೋಡೆ ಧಡಧಡ ಅದುರಿತು. ಹೊರಗೆ ಓಡಿಬಂದರೆ, ವಿದ್ಯುತ್ ಕಂಪನಿಯ ಇಬ್ಬರು ಅವಳ ಮೀಟರನ್ನು ಕಿತ್ತು ಎದುರಿನ ಕಂಬದ ತುದಿಗೆ ಏರಿಸುತ್ತಿದ್ದರು. ಗೋಡೆಯಲ್ಲಿ ತಲೆ ತೂರುವಷ್ಟು ತೂತು.

"ಯಾರನ್ನ ಕೇಳಿ ಕಿತ್ರಿ?"

"ಬೀದಿಗೆಲ್ಲ ಹೀಗೇ ದೊನ್ಯಾ ನೊಯೆಮಿ. ಕರಾರು ಬದಲಾಗಿದೆ," ಎಂದ ಏಣಿಯ ಮೇಲಿದ್ದವನು.

"ಅಷ್ಟೆತ್ತರದಲ್ಲಿಟ್ರೆ ನಾನು ಓದೋದು ಹೇಗೆ? ರೆಕ್ಕೆ ಕಟ್ಕೊಂಡಾ?"

"ನೀವ್ಯಾಕೆ ಓದ್ತೀರಾ? ನಾವು ಓದ್ತೀವಲ್ಲ." ಕೆಳಗಿದ್ದವನು ನಕ್ಕ.

ಆ ನಗು ಅವಳ ನೆತ್ತಿಗೇರಿತು. ಪೆಟ್ಟಿಗೆಯಿಂದ ಕರಾರು ತೆಗೆದಳು. ಇಪ್ಪತ್ತಮೂರನೇ ಕಲಮು: ಷರತ್ತು ಬದಲಾದರೆ ಮೂವತ್ತು ದಿನ ಮುಂಚೆ ಗ್ರಾಹಕರ ಮನೆಗೆ ಬರಹದಲ್ಲಿ ತಿಳಿಸಬೇಕು, ಇಲ್ಲವೇ ಆ ಊರಿನಲ್ಲಿರುವ ಕಂಪನಿಯ ಕಚೇರಿಯ ನೋಟಿಸ್ ಬೋರ್ಡಿನಲ್ಲಿ ಸಾರ್ವಜನಿಕರು ಓದುವಂತೆ ಅಂಟಿಸಬೇಕು. ಕಂಪನಿಗೆ ಫೋನ್ ಮಾಡಿದಳು. "ನಿಮ್ಮೂರ ಕಚೇರೀಲಿ ಅಂಟಿಸಿದೀವಿ ಮೇಡಂ," ಎಂದು ಆ ಕಡೆಯವಳು ಫೋನ್ ಇಟ್ಟುಬಿಟ್ಟಳು.

ಊರಿನ ಕಚೇರಿಗೆ ಬೀಗ ಬಿದ್ದು ಎರಡು ವರ್ಷವಾಗಿತ್ತು. ಅದರ ಜಗಲಿಯಲ್ಲಿ ಕ್ಷೌರದ ಕುರ್ಚಿ ಹಾಕಿಕೊಂಡಿದ್ದ ಗುಮೆರ್ಸಿಂದೋನ ಬಳಿ ಬೀಗದ ಕೈ ಇತ್ತು.

"ಹೋದ ತಿಂಗಳು ಕಂಪನಿಯವನೊಬ್ಬ ಬಂದು ಬೀಗ ತೆಗೆಸ್ದ ಅಕ್ಕಾ. ಐದೇ ನಿಮಿಷ. ಫೋಟೋ ಹೊಡ್ಕೊಂಡು ಹೋದ," ಎನ್ನುತ್ತ ಅವನು ಬಾಗಿಲು ದೂಡಿದ.

ಒಳಗೆ ಬಾವಲಿಗಳ ನಾತ. ಹಳದಿಗಟ್ಟಿದ ಕಾಗದಗಳ ನಡುವೆ ಒಂದು ಬಿಳಿ ಹಾಳೆ ಹೊಸದಾಗಿ ಅಂಟಿತ್ತು. ಅವಳು ಕೊನೆಯ ಸಾಲಿನವರೆಗೂ ಓದಿದಳು.

"ಇದನ್ನ ಯಾರಿಗೆ ಹೇಳಿದ್ದು? ಬಾವಲಿಗಳಿಗಾ?" ಅವಳ ಕೂಗಿಗೆ ಅರ್ಧ ಕ್ಷೌರವಾಗಿದ್ದ ಗಿರಾಕಿಯೂ ಎದ್ದು ಬಂದ.

ಹಾಳೆಯನ್ನು ಅವಳು ಹರಿಯಲಿಲ್ಲ. ಬಾಗಿಲಿಗೆ ಎರಡು ವರ್ಷದಿಂದ ಬೀಗವಿದೆಯೆಂದು ಹೇಳಿಕೆ ಟೈಪು ಮಾಡಿ, ಕ್ಷೌರಿಕನದೂ ಬೀದಿಯ ನಲವತ್ತಾರು ಮನೆಯವರದೂ ಸಹಿ ಹಾಕಿಸಿದಳು. ಪ್ರತಿಯೊಬ್ಬರಿಗೂ ಮೊದಲು ಓದಿಸಿದಳು. ಬಸ್ಸು ಹಿಡಿದು ಬರಾಂಕಿಯಾ ನಗರದಲ್ಲಿ ವಿದ್ಯುತ್ ದೂರು ಕೇಳುವ ಸರ್ಕಾರಿ ಕಚೇರಿಗೆ ದೂರು ಒಯ್ದಳು. ವಿಚಾರಣೆಯ ದಿನ ಕಂಪನಿಯ ವಕೀಲ ಬಂದಿದ್ದ.

"ಅಂಟಿಸ್ಬೇಕು ಅಂತಿದೆ, ಅಂಟಿಸಿದೀವಿ," ಎಂದ.

"'ಸಾರ್ವಜನಿಕರು ಓದುವಂತೆ' ಅಂತನೂ ಇದೆ. ಅದನ್ನ ಓದ್ಲಿಲ್ವೋ, ಓದಿ ನುಂಗ್ಬಿಟ್ಯೋ?"

"ಸ್ವಲ್ಪ ಮರ್ಯಾದೆಯಿಂದ ಮಾತಾಡಿ ಅಮ್ಮಾ."

"ಮರ್ಯಾದೇನಾ? ನಮ್ಮ ಗೋಡೆ ಒಡೆಯೋವಾಗ ಅದನ್ನೆಲ್ಲಿ ಅಡ ಇಟ್ಟಿದ್ದೆ?"

ನಾಲ್ಕು ತಿಂಗಳಿಗೆ ಆದೇಶ ಬಂತು: ನೋಟಿಸು ಅಸಿಂಧು, ಮೀಟರುಗಳು ಗೋಡೆಗೆ ಮರಳಬೇಕು. ಏಣಿಯವರು ನೇರ ಅವಳ ಮನೆಗೇ ಬಂದರು.

"ನಿಮ್ಮದು ಇವತ್ತೇ ಮಾಡಿ ಅಂದಿದ್ದಾರೆ ದೊನ್ಯಾ. ಉಳಿದವ್ರದ್ದು ಆಮೇಲೆ ನೋಡೋಣ."

ಬಾಯಿ ಮುಚ್ಚಿಸುವ ಉಪಾಯವೆಂದು ಅವಳಿಗೆ ತಕ್ಷಣ ಹೊಳೆಯಿತು. ಕುರ್ಚಿ ತಂದು ಕಂಬದ ಬುಡದಲ್ಲಿ ಹಾಕಿ ಕೂತಳು. "ಬೀದಿಯ ಆ ತುದಿಯಿಂದ ಶುರು ಮಾಡ್ರಿ. ನಂದು ಕಡೇದು."

ಮೂರು ದಿನ ಬಿಸಿಲಲ್ಲಿ ಅಲ್ಲಿಂದ ಕದಲಲಿಲ್ಲ. ನಾಲ್ಕನೆಯ ದಿನ ಏಣಿ ಬೀದಿಯ ತುದಿಗೆ ಹೋಯಿತು. ಹತ್ತೊಂಬತ್ತು ದಿನಕ್ಕೆ ನಲವತ್ತಾರೂ ಇಳಿದ ಮೇಲೆ ಅವಳದು ಇಳಿಯಿತು.

"ಗೆದ್ದಾಯ್ತಲ್ಲ, ಇನ್ನಾದ್ರೂ ನಗು ಮಾರಾಯ್ತಿ," ಎಂದ ಗುಮೆರ್ಸಿಂದೋ.

"ಗೆದ್ದಿದ್ದೇನು? ನನ್ನ ಗೋಡೆ ನನಗೇ ವಾಪಸ್ ಸಿಕ್ತು, ಅಷ್ಟೆ."

ಮೀಟರಿನ ಸುತ್ತ ಬಳಿದ ಗಾರೆ ಸೊಟ್ಟಗಿತ್ತು. ಹೊರಟಿದ್ದ ಕೆಲಸಗಾರರನ್ನು ಕರೆದು, ಅದನ್ನು ಪೂರ್ತಿ ಕೆರೆಸಿ, ಎದುರಿಗೇ ನಿಂತು ಮತ್ತೆ ಬಳಿಸಿದಳು.