ಹೆಸರಿಲ್ಲದ ಹುಯಿಲು

ಅಣ್ಣ ಹೊಳೆ ಪಾಲಾಗುವ ಹಿಂದಿನ ದಿನ ತ್ರಾಸಿಯ ನಮ್ಮ ಮನೆಯಲ್ಲಿ ಎಲ್ಲರೂ ನಗುತ್ತಿದ್ದೆವು. ಬೈಂದೂರಿನ ಶಾಲೆಯಲ್ಲಿ ಅವನಿಗೆ ಮಾಸ್ತರಿಕೆ ಸಿಕ್ಕಿದ ಹೊಸತು. ಬ್ರಹ್ಮಾವರದ ತನ್ನ ಗುರುಗಳಿಂದ ಮುನ್ನೂರು ವರ್ಷ ಹಳೆಯ ಇಂಗ್ಲಿಷ್ ನಾಟಕವೊಂದನ್ನು ತಂದು ಅಬ್ಬಿಗೆ, ಅಂದರೆ ನಮ್ಮ ತಾಯಿಗೆ, ಕಥೆ ಹೇಳುತ್ತಿದ್ದ. ದೊರೆಯೊಬ್ಬ ಒಂದು ಹುಡುಗಿಯನ್ನು ಕೊಲ್ಲಿಸುತ್ತಾನೆ. ಅವಳ ಅಣ್ಣ ವೇಷ ಮರೆಸಿಕೊಂಡು ದೊರೆಯ ಮನೆಯಲ್ಲೇ ಊಳಿಗಕ್ಕೆ ನಿಂತು, ಕೊನೆಗೆ ವಿಷ ಹಾಕುತ್ತಾನೆ. ತಾನೂ ಸಾಯುತ್ತಾನೆ.

“ಅಷ್ಟೆಲ್ಲ ವೇಷ ಎಂತಕ್ ಮಗಾ? ದೈವದ ಮುಂದ್ ಒಂದ್ ಕಾಯಿ ಇಟ್ಟ್ ಹುಯಿಲ್ ಕೊಟ್ರೆ ಸಾಕಿತ್ತ್,” ಎಂದಳು ಅಬ್ಬಿ. ಅನ್ಯಾಯ ಮಾಡಿದವನ ಮೇಲೆ ದೈವಕ್ಕೆ ದೂರು ಕೊಡುವುದೇ ಹುಯಿಲು.

“ಅವ್ರ್ ದೇಶದಲ್ಲ್ ದೈವ ಇಲ್ಲ ಕಾಣ್. ಅದ್ಕೇ ಅಷ್ಟ್ ಹೆಣ.”

ಮರುದಿನ ಅವನು ಕುಂದಾಪುರಕ್ಕೆ ಹೊರಟ. ಯುದ್ಧದ ಕಾಲ, ಹೊಳೆಗೆ ಸೇತುವೆ ಇರಲಿಲ್ಲ. ದೋಣಿಯ ಧನಿ, ಅಂದರೆ ಒಡೆಯ, ಅಕ್ಕಿ ಮೂಟೆಗಳ ಮೇಲೆ ಇನ್ನೂ ಆರು ಜನರನ್ನು ಹತ್ತಿಸಿದ. ದೋಣಿ ನಡೆಸುವವನು ಬೇಡವೆಂದರೂ ಕೇಳಲಿಲ್ಲ. ನಡುಹೊಳೆಯಲ್ಲಿ ದೋಣಿ ಮಗುಚಿತು. ಈಜಿ ಉಳಿದ ದೋಣಿಯವನೇ ನಮ್ಮ ಜಗಲಿಯಲ್ಲಿ ಕೂತು ಇದನ್ನೆಲ್ಲ ಹೇಳಿದ. ಆಮೇಲೆ ಧನಿಯೂ ಬಂದ. “ಹೊಳಿ ಯಾರ್ ಮಾತ್ ಕೇಂತ್ ಅಕ್ಕ? ಹಣೆಬರ,” ಎಂದು ಎಲೆಯಡಿಕೆ ಜಗಿಯುತ್ತ ಹೋದ.

ಸೂತಕ ಕಳೆದ ಮೇಲೆ ಅಬ್ಬಿ ಹುಯಿಲು ಕೊಡಲು ಹೋದಳು. ನಾನು ಜೊತೆಗಿದ್ದೆ. ಮೈಮೇಲೆ ದೈವ ಬಂದ ಪಾತ್ರಿ ಕೇಳಿದ: “ಯಾರ್ ಮೇಲೆ? ಹೆಸರ್ ಹೇಳ್ ಕಾಂಬ.”

ಅಬ್ಬಿ ಬಾಯಿ ಬಿಡಲಿಲ್ಲ. ಧನಿಯದೂ ಅಪ್ಪಯ್ಯನದೂ ಒಂದೇ ಹೆಸರು. ಗಂಡನ ಹೆಸರನ್ನು ಹೆಂಡತಿ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ದೈವದ ಮುಂದೆ ಹೇಳಿದರೆ ಬೊಂಬಾಯಿಯ ಹೋಟೆಲಿನಲ್ಲಿ ದುಡಿಯುತ್ತಿದ್ದ ಅಪ್ಪಯ್ಯನಿಗೇ ತಟ್ಟೀತೆಂಬ ಹೆದರಿಕೆ ಬೇರೆ. ನಾನು ಹೇಳಲು ಹೊರಟೆ. ಅವಳು ನನ್ನ ತೋಳು ಚಿವುಟಿದಳು. “ಯಾರ್ ಮಾಡಿರೋ ಅವ್ರಿಗೆ,” ಎಂದು ಕಾಯಿ ಇಟ್ಟು ಬಂದಳು.

ಹೆಸರು ಹೇಳಿದ್ದರೆ ಎರಡು ಮನೆಗಳ ನಡುವೆ ಅನ್ನ ನೀರು ನಿಲ್ಲುತ್ತಿತ್ತು. ಹುಯಿಲು ಬಿಡಿಸಿಕೊಳ್ಳಲು ಧನಿ ನಮ್ಮೆದುರು ನಿಂತು ತಪ್ಪೊಪ್ಪಬೇಕಿತ್ತು. ಅದೇನೂ ಆಗದೆ, ಅವನು ಮದುವೆ ಮನೆಗಳಲ್ಲಿ ನಮ್ಮ ಪಂಕ್ತಿಯಲ್ಲೇ ಕೂತು ಪಾಯಸ ಕೇಳಿ ಕೇಳಿ ಹಾಕಿಸಿಕೊಂಡ. ಅಬ್ಬಿಯ ಮೇಲೆ ನನಗೆ ಸಿಟ್ಟಿದೆ. ಅವಳ ಬಾಯಿ ಕಟ್ಟಿದ ಪದ್ಧತಿಯ ಮೇಲೆ ಇನ್ನೂ ಹೆಚ್ಚು. ಚಿವುಟಿದ್ದಕ್ಕೇ ಸುಮ್ಮನಾದ ನನ್ನ ಮೇಲೂ ಇದೆ.

ಆ ಪುಸ್ತಕ ಮನೆಯಲ್ಲೇ ಉಳಿದಿತ್ತು. ಗುರುಗಳು ವಾಪಸು ಬೇಡವೆಂದರು. ನಿಘಂಟು ಇಟ್ಟುಕೊಂಡು ಎರಡು ವರ್ಷ ಓದಿದೆ. ಇಷ್ಟು ರಕ್ತದ ಕಥೆ ಹೆಂಗಸಿಗೆ ಯಾಕೆ, ಅದೂ ಈ ಕಾಲದಲ್ಲಿ, ಎಂದು ಕೇಳಿದವರಿದ್ದಾರೆ. ರಕ್ತ ನನಗೂ ಬೇಡ. ಆದರೆ ಅಲ್ಲಿ ಸತ್ತವಳಿಗೆ ಒಬ್ಬ ಕೊಂದವನಿದ್ದಾನೆ. ಯಾರೂ ಹಣೆಬರಹ ಎನ್ನುವುದಿಲ್ಲ. ವಿಷ ಏರುತ್ತಿರುವಾಗ ದೊರೆ ತನ್ನ ಬಾಯಿಂದಲೇ ‘ನಾನೇ ಮಾಡಿಸಿದೆ’ ಎನ್ನುತ್ತಾನೆ. ಮುನ್ನೂರು ವರ್ಷದಿಂದ ಜನ ಇಂಥವನ್ನು ಓದುತ್ತಿರುವುದು ಆ ಒಂದು ಮಾತಿಗೇ ಇರಬೇಕು. ಅವರ ಮನೆಗಳಲ್ಲೂ ಆ ಮಾತನ್ನು ಯಾರೋ ಹೇಳದೆ ಹೋಗಿರಬೇಕು.

ಧನಿ ಮುದುಕನಾಗಿ ಹಾಸಿಗೆಯಲ್ಲೇ ಸತ್ತ. ‘ದೋಣಿ ತುಂಬಿಸಿದ್ದು ನಾನು’ ಎಂದು ಅವನು ನಮಗೆ ಹೇಳಲಿಲ್ಲ.