ಬಟ್ಟಲಿಗೆ ತಾಗಿದ ಹಲ್ಲು

ಇವತ್ತು ಬೆಳಿಗ್ಗೆ ಮಗಳಿಗೆ ಗಂಜಿ ಕುಡಿಸುವಾಗ ಸ್ಟೀಲ್ ಬಟ್ಟಲಿನ ಅಂಚಿಗೆ ಏನೋ ತಾಗಿ ‘ಟಿಣ್’ ಎಂದಿತು. ಬೆರಳಿಟ್ಟು ನೋಡಿದರೆ ಕೆಳಗಿನ ಒಸಡಿನಲ್ಲಿ ಅಕ್ಕಿನುಚ್ಚಿನಷ್ಟು ಹಲ್ಲು. ಖುಷಿಪಡಬೇಕಾದವಳು ಬಟ್ಟಲು ಕೆಳಗಿಟ್ಟುಬಿಟ್ಟೆ. ಆ ಸದ್ದನ್ನು ನಾನು ಮೊದಲು ಕೇಳಿದ್ದು ಬ್ಯಾಡಗಿಯ ನಮ್ಮ ಮನೆಯಲ್ಲಿ, ನನ್ನ ತಮ್ಮನ ಬಾಯಿಂದ.

ಸುಗ್ಗಿ ಬಂತೆಂದರೆ ಆ ಮನೆಯ ಪಡಸಾಲೆ ತುಂಬ ಮೆಣಸಿನಕಾಯಿ ರಾಶಿ. ಹಾಸಿಗೆ, ಹೊದಿಕೆ, ಕುಡಿಯುವ ನೀರಿಗೂ ಅದರದೇ ಘಾಟು. ಮನೆಗೆ ಬಂದ ಬೀಗರು ಸೀನುತ್ತಲೇ ಕ್ಷೇಮ ಕೇಳುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅಗಡಿ ಎಂಬ ಊರಿನಿಂದ ತವರಿಗೆ ಬಂದಿದ್ದ ಗಿರಿಜತ್ತೆ, ಅಪ್ಪನ ತಂಗಿ, ದಿನವಿಡೀ ಕುಳಿತು ತೊಟ್ಟು ಬಿಡಿಸುತ್ತಿದ್ದಳು. ತಮ್ಮ ಅತ್ತರೆ ಎದ್ದು, ಮಜ್ಜಿಗೆಯಲ್ಲಿ ಕೈ ತೊಳೆದು, ಕೊಬ್ಬರಿ ಎಣ್ಣೆ ತಿಕ್ಕಿ, ಅಂಗೈ ಮೂಸಿ ನೋಡಿಕೊಂಡು, ಆಮೇಲೆಯೇ ಎತ್ತಿಕೊಳ್ಳುತ್ತಿದ್ದಳು. ಅವಳಿಗೆ ಮಕ್ಕಳಿರಲಿಲ್ಲ. ಅವನಿಗೂ ಅವಳ ಹೆಗಲೇ ಬೇಕು.

ಆ ವರ್ಷ ಕೂಸು ಒಮ್ಮೆಲೇ ರಚ್ಚೆ ಹಿಡಿಯಿತು. ಕೆನ್ನೆ ಕೆಂಪು, ಅಂಗಿ ತೊಯ್ಯುವಷ್ಟು ಜೊಲ್ಲು, ಬಾಯಲ್ಲಿ ಸದಾ ಮುಷ್ಟಿ. ಅಜ್ಜಿ ನೋಡಿದ್ದು ಗಿರಿಜತ್ತೆಯ ಕೈಯನ್ನು.

“ಖಾರದ ಕೈಲೆ ಕೂಸಿನ ಬಾಯಿ ಸುಟ್ಟೀದಿ ನೋಡು. ಇನ್ನ ಮುಟ್ಟಬ್ಯಾಡ.”

“ಅವ್ವಾ, ಹಲ್ಲ ಬರಾಕತ್ತಾವ. ಒಸಡ ಬಾತೈತಿ, ನೀನ ನೋಡು,” ಎಂದಳು ಅತ್ತೆ.

“ಹಡೀಲಾರದಾಕಿ ನನಗ ಹೇಳಾಕ ಬಂದಾಳ!”

ನನ್ನ ತಾಯಿ ತಲೆ ತಗ್ಗಿಸಿದಳು. ಅಪ್ಪ ಅಂಗಡಿಗೆ ಹೊರಟ. ಕೈ ತೊಳೆಯಲು ಮಜ್ಜಿಗೆ ತಂದುಕೊಡುತ್ತಿದ್ದವಳು ನಾನೇ. ನಾನೂ ಬಾಯಿ ಬಿಡಲಿಲ್ಲ. ತಮ್ಮ ಅವಳತ್ತ ವಾಲಿ ಅಳುವಾಗ ಅತ್ತೆ ಎರಡೂ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದಳು. ಕೆಲವೇ ದಿನಗಳಲ್ಲಿ ಬಟ್ಟಲು ‘ಟಿಣ್’ ಎಂದಿತು. ಓಣಿಗೆಲ್ಲ ಸಕ್ಕರೆ ಹಂಚಿದೆವು. ಅತ್ತೆಯ ಅಂಗೈಗೂ ಸಕ್ಕರೆ ಹಾಕಿದೆವು, ಕೂಸನ್ನು ಕೊಡಲಿಲ್ಲ. ತಪ್ಪಾಯಿತು ಅಂತ ಒಬ್ಬರೂ ಅನ್ನಲಿಲ್ಲ.

ಈಗ ಅಜ್ಜಿ ಇಲ್ಲ, ಆ ಪಡಸಾಲೆಯೂ ಇಲ್ಲ. ಮನೆ ಕೆಡವಿ ಮಳಿಗೆ ಕಟ್ಟಿದ್ದಾರೆ. ಹೋದ ತಿಂಗಳು ಗಿರಿಜತ್ತೆಯೂ ತೀರಿಕೊಂಡಳು. ಅವಳನ್ನು ಕೊನೆಯ ಸಲ ಕಂಡದ್ದು ರಾಣೆಬೆನ್ನೂರಿನ ನನ್ನ ಮನೆಯಲ್ಲಿ, ನನ್ನ ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ. ಎಲ್ಲರ ಹಿಂದೆ, ಬಾಗಿಲ ಬಳಿ ಕುಳಿತಿದ್ದಳು. ಹೇಳಬೇಕಾದದ್ದು ನಾಲಿಗೆಯ ತನಕ ಬಂದಿತ್ತು. ಹೇಳಲಾರದೆ, “ಅತ್ತೀ, ತಗೋ, ಎತ್ಕೋ,” ಎಂದು ಕೂಸನ್ನು ಚಾಚಿದೆ.

ಅವಳ ಮುಖ ಅರಳಿತು. ಕೈಗಳು ಮುಂದೆ ಬಂದು ಅಲ್ಲೇ ನಿಂತವು. ಎರಡೂ ಅಂಗೈ ಮೂಸಿ ನೋಡಿಕೊಂಡಳು.

“ತಡೀವಾ, ಕೈ ತೊಳಕೊಂಡ ಬರ್ತೇನಿ,” ಎಂದು ಬಚ್ಚಲಿಗೆ ಹೋದಳು.

ನಾನು ಕಾದೆ. ಎದ್ದುಹೋಗಿ ನೋಡಿದಾಗ ಬಚ್ಚಲಲ್ಲಿ ಯಾರೂ ಇರಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳಂತೆ. ಅವಳು ಮೆಣಸಿನಕಾಯಿ ಮುಟ್ಟುವುದನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು.