ಬಂದವರ ಅಳತೆಯ ಸಾತಲಿಂಗಪ್ಪ

ಸಾತಲಿಂಗಪ್ಪನ ಹೆಸರು ಗುರಮ್ಮನ ಕಿವಿಗೆ ಮೊದಲು ಬಿದ್ದದ್ದು ಸೋಲಾಪುರದ ಒಂದು ಬಂದೂಕಿನ ಅಂಗಡಿಯಲ್ಲಿ, ಅದೂ ಬೈಗುಳದ ಜೊತೆಗೆ.

ಅಂದು ಅವಳು ತನ್ನೂರು ಮಂದ್ರೂಪದಲ್ಲಿ ಬಸ್ಸು ಹತ್ತಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಗಂಟೊಂದನ್ನು ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳು. ಕೂಸಿಗೂ ಟಿಕೀಟು ಕೊಡಲೇನು ಎಂದು ಕಂಡಕ್ಟರ್ ಮರಾಠಿಯಲ್ಲಿ ಚೇಷ್ಟೆ ಮಾಡಿದ್ದ. ಕೂಸಲ್ಲ, ಬಂದೂಕಿನ ಕಟ್ಟಿಗೆ ಎಂದಳು ಗುರಮ್ಮ. ಪಕ್ಕದಲ್ಲಿದ್ದ ಹೆಣ್ಣುಮಗಳು ಎದ್ದು ಬೇರೆ ಸೀಟಿಗೆ ಹೋದಳು. ಗಂಟಿಗೆ ಜಾಗವಾಯಿತು.

ಬಂದೂಕು ಅವಳ ಗಂಡನ ಮುತ್ತಜ್ಜನ ಕಾಲದ್ದು. ಅದು ಯಾರನ್ನೂ ಕೊಂದದ್ದಿಲ್ಲ. ಒಮ್ಮೆ ಮನೆಯ ಎಮ್ಮೆಯದೇ ಕೋಡು ಹಾರಿಸಿತ್ತು ಎನ್ನುತ್ತಾರೆ. ಮುಂದೆ ಎಂದೋ ಸರಕಾರದವರು ನಳಿಗೆಯಲ್ಲಿ ಸೀಸ ಕಾಸಿ ಸುರಿದು ಅದರ ಬಾಯಿ ಮುಚ್ಚಿದ್ದರು. ಆದರೂ ದಸರೆಯ ಖಂಡೇನವಮಿಗೆ ಮನೆತನದ ಆಯುಧಪೂಜೆ ಅದಕ್ಕೇ. ಮರುದಿನ ಬನ್ನಿ ಮುಡಿದು ಬಂದ ಅಣ್ಣತಮ್ಮಂದಿರ ಮನೆಗಳವರೆಲ್ಲ, ಬಂದೂಕು ಯಾರ ಮನೆಯಲ್ಲಿದೆಯೋ ಅವರ ಹೊಸ್ತಿಲನ್ನೇ ಮೊದಲು ತುಳಿದು, ಬಂಗಾರ ತಗೋರಿ ಎಂದು ಬನ್ನಿ ಎಲೆ ಕೊಡಬೇಕು. ಗಂಡ ಹೋದ ಮೇಲೆ ಗುರಮ್ಮನ ಹೊಸ್ತಿಲು ತುಳಿಯಲು ಅವರಿಗೆ ಉಳಿದಿದ್ದ ಕಾರಣ ಅದೊಂದೇ.

ಆ ವರ್ಷ ಧೂಳು ಒರೆಸಲೆಂದು ಬಂದೂಕನ್ನು ಗೂಟದಿಂದ ಇಳಿಸಿದರೆ, ಭುಜಕ್ಕೆ ಆನಿಸುವ ಹಿಂದಿನ ಕಟ್ಟಿಗೆ ಹುಳ ತಿಂದು ಕೈಯಲ್ಲೇ ಮುರಿದು ಬಂತು. ಮೈದುನ ಭೀಮಶಾ ಅಲ್ಲೇ ನಿಂತಿದ್ದ. ತಲೆ ಬಾಗಿಸದೆ ಯಾವ ಬಾಗಿಲನ್ನೂ ದಾಟಲಾರದ ಆಳು. ಅಣ್ಣ ತೀರಿದಂದಿನಿಂದ ಪೂಜೆಯ ಹೊತ್ತಿಗೆ ಬಂದೂಕನ್ನು ಭುಜಕ್ಕೆ ಹಚ್ಚಿ ಆಕಾಶಕ್ಕೆ ಗುರಿ ಹಿಡಿಯುವ ಮಾನ ಅವನದಾಗಿತ್ತು.

“ವೈನಿ, ಮುಕ್ಕಾದ ಆಯುಧ ಪೂಜಿಗಿ ನಡಿಯಂಗಿಲ್ಲ,” ಎಂದ ಭೀಮಶಾ. “ಹಬ್ಬದೊಳಗ ನೆಟ್ಟಗಾಗಲಿಲ್ಲಂದ್ರ ನಾ ನಮ್ಮ ಮನಿಗಿ ಒಯ್ತೀನಿ.”

“ನೆಟ್ಟಗಾದ್ರ?”

“ಆದ್ರ ಆವಾಗ ನೋಡೂಣು. ಭುಜಕ್ಕ ಹಚ್ಚಾಂವ ನಾನ ಅದೀನಿ. ಹಚ್ಚಾಂವನ ಮನ್ಯಾಗ ಇರೂದ ಬರೋಬರಿ.”

ಹೀಗಾಗಿ ಸೋಲಾಪುರ. ಅಂಗಡಿಯ ಸೋಮೇಶ ಸೇಠ ಗಂಟು ಬಿಚ್ಚಿ ನೋಡಿ, ಮತ್ತೆ ಕಟ್ಟಿಟ್ಟ.

“ಆಯೀ, ಈ ಬಂದೂಕ ಮಾಡಿದ ಕಂಪನಿ ನಮ್ಮಜ್ಜ ಹುಟ್ಟೂಕಿಂತ ಮೊದಲ ಮುಚ್ಚೇತಿ. ಇದರ ಕಟ್ಟಿಗಿ ಎಲ್ಲಿಂದ ತರೂದು?”

“ಕಟ್ಟಿಗಿ ಅಲ್ಲೇನು? ಬಡಿಗ್ಯಾರು ಮಾಡಂಗಿಲ್ಲ?”

“ಬಂದೂಕ ಅಂದ್ರ ಬಡಿಗ್ಯಾರು ಪೊಲೀಸರಿಗಿ ಅಂಜತಾರ. ಅಕ್ಕಲಕೋಟದಾಗ ಒಬ್ಬ ಹುಚ್ಚ ಖೋಡಿ ಅದಾನ, ಸಾತಲಿಂಗಪ್ಪ ಅಂತ. ಅಂವ ಯಾರಿಗೂ ಅಂಜಂಗಿಲ್ಲ. ಆದ್ರ ಅವನ ಹಂತ್ಯಾಕ ಹೋಗಬ್ಯಾಡ್ರಿ. ನನ್ನ ಮದವಿ ಮಂಚ ಅವನ ಮಾಡಿದ್ದು. ಇಷ್ಟ ವರ್ಷಾತು, ಕಾಲು ಮಡಚಿ ಮಲಗಾಕತ್ತೀನಿ.”

ಗುರಮ್ಮ ಅಕ್ಕಲಕೋಟದ ಬಸ್ಸು ಯಾವ ಕಡೆ ನಿಲ್ಲುತ್ತದೆ ಎಂದು ಕೇಳಿಕೊಂಡು ಹೊರಟಳು.

ಸಾತಲಿಂಗಪ್ಪ ಹುಟ್ಟಿನಿಂದ ಬಡಿಗನಲ್ಲ. ಹೊಲದ ಕೆಲಸ ಮೈಗೆ ಹತ್ತಲಿಲ್ಲ, ಕಟ್ಟಿಗೆಯ ಕೆಲಸ ಹತ್ತಿತು. ಹೊಲ ತಮ್ಮಂದಿರು ಉಣ್ಣುತ್ತಿದ್ದರು. ಇವನು ಬಸ್‌ಸ್ಟ್ಯಾಂಡಿನ ಹಿಂದೆ ತಗಡಿನ ಶೆಡ್ಡು ಹಾಕಿ, ಸೋಲಾಪುರದಲ್ಲಿ ಮುರಿದ ಮಗ್ಗಗಳ ಕಟ್ಟಿಗೆಯನ್ನು ತಂದು ಒಟ್ಟಿಕೊಂಡಿದ್ದ. ಹೆಂಡತಿ ತೀರಿದ ಮೇಲೆ ಮಧ್ಯಾಹ್ನದ ಊಟ ಅನ್ನಛತ್ರದಲ್ಲಿ, ಯಾತ್ರಿಕರ ಪಂಕ್ತಿಯಲ್ಲಿ. ಎಲ್ಲಿಂದ ಬಂದಿರಿ ಎಂದು ಯಾರಾದರೂ ಕೇಳಿದರೆ, ಹಿಂದಿನ ಓಣಿಯಿಂದ ಎನ್ನುತ್ತಿದ್ದ.

ಅವನ ಶೆಡ್ಡಿನಲ್ಲಿ ಟೇಪು ಇರಲಿಲ್ಲ. ಕೆಲಸ ಹೇಳಲು ಯಾರು ಬರುತ್ತಾರೋ ಅವರ ಮೈಗೆ ದಾರ ಹಿಡಿದು ಅಳತೆ ತೆಗೆಯುವನು. ಮಂಚವಾಗಲಿ, ಬಾಗಿಲಾಗಲಿ, ಅದೇ ಪದ್ಧತಿ. ಸೇಠನ ಮಂಚದ ಮಾತು ಗುರಮ್ಮ ತೆಗೆದಾಗ ಅವನಿಗೆ ಸಿಟ್ಟೇನೂ ಬರಲಿಲ್ಲ.

“ಮಂಚ ಹೇಳಾಕ ಅವರವ್ವ ಬಂದಿದ್ಲು, ಗಿಡ್ಡ ಹೆಣಮಗಳು. ಆಕಿ ಮಲಗಿದ್ರ ಹೇಳಿ ಮಾಡಿಸಿದಂಗ ಆಗತೈತಿ. ಯಕ್ಕಾ, ಕೈ ಮಡಚರಿ.”

ಮೊಣಕೈಯ ಒಳಮಡಿಕೆಯಿಂದ ತೋರುಬೆರಳಿನವರೆಗೆ ದಾರ ಹಿಡಿದ.

“ಅಣ್ಣಾರ, ಬಂದೂಕ ಹಿಡಿಯಾಂವ ನಮ್ಮ ಮೈದನ,” ಎಂದಳು ಗುರಮ್ಮ. “ಭಾಳ ಎತ್ತರ ಅದಾನ.”

“ಬಂದಾರೇನು?”

“ಇಲ್ಲ.”

“ಬರದಾವರ ಅಳತಿ ನಾ ತಗೊಳಂಗಿಲ್ಲ.”

ಗುರಮ್ಮ ಮಡಚಿದ ಕೈಯನ್ನು ಬಿಡಿಸಲಿಲ್ಲ. ಅವನು ದಾರಕ್ಕೆ ಗಂಟು ಹಾಕಿದ.

ಹಬ್ಬ ಹತ್ತಿರ ಬಂದಾಗ ಸಾತಲಿಂಗಪ್ಪ ತಾನೇ ಮಂದ್ರೂಪಕ್ಕೆ ಬಂದು ಕಟ್ಟಿಗೆ ಕೂಡಿಸಿ, ರೊಟ್ಟಿ ಪುಂಡಿಪಲ್ಯೆ ಉಂಡು ಹೋದ. ಮಗ್ಗದ ಕರಿ ಕಟ್ಟಿಗೆಗೆ ಎಣ್ಣೆ ಕುಡಿಸಿ, ಕೈ ಜಾರುವಂತೆ ಮಾಡಿದ್ದ. ಖಂಡೇನವಮಿಯಂದು ಭೀಮಶಾ ಬಂದೂಕನ್ನು ತಿರುಗಿಸಿ ಮುರುಗಿಸಿ ನೋಡಿದ.

“ನೆಟ್ಟಗಾಗೈತಿ ವೈನಿ. ಪೂಜಿ ಮುಗೀಲಿ, ಇನ್ನ ಹಚ್ಚಾಂವನ ಮನಿಗಿ ಹೋಗಲಿ.”

ಗುರಮ್ಮ ಆರತಿಯ ತಾಟು ಹಿಡಿದು ನಿಂತಿದ್ದಳು.

ಭೀಮಶಾ ಎಲ್ಲರ ಮುಂದೆ ಠೀವಿಯಿಂದ ಬಂದೂಕನ್ನೆತ್ತಿ ಭುಜಕ್ಕೆ ಸೆಳೆದುಕೊಂಡ. ಕಟ್ಟಿಗೆ ಗಿಡ್ಡ. ಹಿಡಿದಿದ್ದ ಹೆಬ್ಬೆರಳು ನೇರ ಹೋಗಿ ಮೂಗಿಗೆ ಬಡಿಯಿತು. ಇನ್ನೊಮ್ಮೆ ಎಳೆದ. ಇನ್ನೊಮ್ಮೆ ಬಡಿಯಿತು. ಕಣ್ಣಲ್ಲಿ ನೀರು ಬಂತು.

“ಇದು ನನಗ ಬರಂಗಿಲ್ಲ,” ಎಂದ ಮೂಗು ಹಿಡಿದುಕೊಂಡು. “ಕೂಸಿನ ಬಂದೂಕ ಮಾಡ್ಯಾನ ಮಗಾ!”

ಅಣ್ಣತಮ್ಮಂದಿರಲ್ಲೇ ಹಿರಿಯನಾದ ಬಂಡೆಪ್ಪ ಕಾಕಾ ಗೋಡೆಗೆ ಆನಿಕೊಂಡು ಕೂತಿದ್ದ. “ಬರಂಗಿಲ್ಲಂದ್ರ ಒಯ್ದೇನ ಮಾಡ್ತಿ?” ಎಂದ. “ಗುರಮ್ಮಾ, ನೀ ಹಚ್ಚಿ ನೋಡವಾ.”

ಗುರಮ್ಮ ತಾಟನ್ನು ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು ಬಂದೂಕನ್ನೆತ್ತಿದಳು. ಅದು ನೀರು ತುಂಬಿದ ಕೊಡ ಸೊಂಟಕ್ಕೆ ಕೂತಂತೆ ಅವಳ ಭುಜಕ್ಕೆ ಕೂತಿತು. ತೊಲೆಯ ಮೇಲಿದ್ದ ಪಾರಿವಾಳಕ್ಕೆ ಗುರಿ ಹಿಡಿದು ಇಳಿಸಿದಳು. ಪಾರಿವಾಳ ಹಾರಲಿಲ್ಲ.

“ಹಚ್ಚಾಂವನ ಮನ್ಯಾಗ ಅಂದೆಲ್ಲೋ, ಭೀಮಶಾ,” ಎಂದ ಬಂಡೆಪ್ಪ ಕಾಕಾ. “ಹಚ್ಚಾಕಿ ಮನ್ಯಾಗ ಐತಿ. ಬಿಡು.”

ಮರುದಿನ ಎಲ್ಲರೂ ಬನ್ನಿ ತಂದರು. ಭೀಮಶಾನೂ ತಂದ. ಕೆಂಪಗಾದ ಮೂಗಿನಿಂದಲೇ ಕಾಲಿಗೆ ಬಿದ್ದ. ಅವನಿಗೆ ಗುರಮ್ಮ ಎರಡನೆಯ ಸಲವೂ ಹೋಳಿಗೆ ಬಡಿಸಿದಳು.

ಆಮೇಲಿನ ವರ್ಷಗಳಲ್ಲಿ ಅವಳು ಅಕ್ಕಲಕೋಟಕ್ಕೆ ಹೋದಾಗಲೆಲ್ಲ ಶೆಡ್ಡಿಗೆ ಬನ್ನಿ ಎಲೆಯನ್ನೋ ರೊಟ್ಟಿಯನ್ನೋ ಕೊಟ್ಟು ಬರುತ್ತಿದ್ದಳು. ಕಡೆಯ ಸಲ ಹೋದಾಗ ಸಾತಲಿಂಗಪ್ಪ ಹಾಸಿಗೆ ಹಿಡಿದಿದ್ದ. ಮಲಗಿದ್ದ ಮಂಚ ಅವನೇ ಮಾಡಿದ್ದು, ಅವನ ಅಳತೆಗೇ ಇತ್ತು. ಸತ್ತವನನ್ನು ಕೂರಿಸಿ ಹೂಳುವ ಕುಣಿಯನ್ನು ಅವನದೇ ಪಾದದ ಅಳತೆಯಲ್ಲಿ ತೋಡುವುದು ಅವರ ಜನರಲ್ಲಿ ರೂಢಿ. ಆದರೆ ಕುಣಿ ತೋಡುವ ಅಮೋಗಸಿದ್ಧ ಯಾರ ಪಾದವನ್ನೂ ನೋಡುವುದಿಲ್ಲ, ತನ್ನ ಪಾದವಿಟ್ಟೇ ಎಣಿಸುತ್ತಾನೆ ಎಂಬುದು ಸಾತಲಿಂಗಪ್ಪನ ಚಿಂತೆ.

“ಅವನ ಪಾದ ಹೆಣಮಕ್ಕಳ ಪಾದ ಇದ್ದಂಗ ಅದಾವ, ಯಕ್ಕಾ. ನನಗ ಮೊಣಕಾಲ ಇಡಾಕ ಜಾಗಾ ಆಗಂಗಿಲ್ಲ.”

ದಿಂಬಿನ ಕೆಳಗಿನಿಂದ ಗಂಟು ಹಾಕಿದ ದಾರವೊಂದನ್ನು ತೆಗೆದು ಅವಳ ಅಂಗೈಯಲ್ಲಿಟ್ಟ.

“ಇದು ನನ್ನ ಪಾದ. ಆ ದಿನ ಅಳತಿ ಹೇಳಾಕ ನೀವ ಹೋಗ್ರಿ. ಆದ್ರ ದಾರ ಕೊಟ್ಟು ದೂರ ನಿಂದರ್ರಿ, ನಿಮ್ಮ ಪಾದ ಮಾತ್ರ ಅಲ್ಲಿ ಇಡಬ್ಯಾಡ್ರಿ.”